ಪೆಡಲ್ ಮೇಲಿನ ಕಾಲು

ಒಂದು ನಿಮಿಷದಲ್ಲಿ ಐದು ಮರದ ತುಂಡು. ಅಪ್ಪ ಬಲಗೈಯಿಂದ ಒಂದೊಂದನ್ನೇ ಎತ್ತಿ, ಮೇಜಿನ ನಡುವೆ ನಿಲ್ಲಿಸಿದ ಹಲಗೆ ದಾಟಿಸಿ, ಆಚೆ ಬಿಡಬೇಕು. ಐದಾದರೆ ಆಸ್ಪತ್ರೆಯವರು ಕೊಟ್ಟ ಕರೆಂಟ್ ಪೆಟ್ಟಿಗೆ ಇನ್ನೂ ಆರು ವಾರ ನಮ್ಮ ಮನೆಯಲ್ಲಿರುತ್ತದೆ. ಇಲ್ಲದಿದ್ದರೆ ಕಾಯುತ್ತಿರುವ ಮುಂದಿನ ರೋಗಿಗೆ ಇವತ್ತೇ ಹೋಗುತ್ತದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಥೆರಪಿ ಕೋಣೆಯ ಗೋಡೆ ಪಕ್ಕ ಕೂತಿದ್ದೆ.

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಬಲಗೈಗೆ ಹಿಡಿಯುವುದು ಮೊದಲು ಬಂತು, ಬಿಡುವುದು ಬರಲಿಲ್ಲ. ನಲವತ್ತು ವರ್ಷ ಕತ್ತರಿ ಆಡಿಸಿದ ದರ್ಜಿಯ ಕೈ ಅದು. ಮುಂಗೈಗೆ ಪೆಟ್ಟಿಗೆಯ ಎರಡು ಪ್ಯಾಡ್ ಅಂಟಿಸಿ, ಅವರು ಬೆರಳು ಬಿಡಿಸಲು ಹೆಣಗುವ ಹೊತ್ತಿಗೇ ನಾನು ಗುಂಡಿ ಒತ್ತಬೇಕಿತ್ತು. ಸಣ್ಣಗೆ ಕರೆಂಟ್ ಹರಿದು ಬೆರಳು ತೆರೆದುಕೊಳ್ಳುತ್ತಿದ್ದವು.

"ಕರೆಂಟ್ ಬರೀ ಕೈಜೋಡಿಸುತ್ತೆ, ಕೆಲಸ ನಿಮ್ಮ ತಂದೆಯದೇ. ಮೇಜಿನ ಮುಂದೆ ಕೂರಿಸಿ ಮಾಡಿಸಿ," ಎಂದು ಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರು. ಪ್ರತಿದಿನದ ಹೊತ್ತು, ಎಷ್ಟು ಸಲ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಎಲ್ಲಿ ಕೂರಿಸಿದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಪರೀಕ್ಷೆಯಲ್ಲಿ ಪೆಟ್ಟಿಗೆಯ ಕರೆಂಟ್ ಬಳಸುವಂತಿಲ್ಲ. ಥೆರಪಿಸ್ಟ್ ಅಪ್ಪನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು.

"ಯಜಮಾನ್ರೇ, ಮೊದಲು ಅಭ್ಯಾಸಕ್ಕೆ ಒಂದು. ಗಾಬರಿ ಬೇಡ."

"ಗಾಬರಿ ನನಗಲ್ಲ, ನಿಮ್ಮ ಕೋಟಿನ ಜೇಬಿಗೆ. ಯಾರಮ್ಮ ಅಷ್ಟು ಸೊಟ್ಟಗೆ ಹೊಲಿದಿದ್ದು?"

ತುಂಡು ಎತ್ತಿದರು, ಹಲಗೆ ದಾಟಿಸಿದರು. ಬೆರಳು ಬಿಡಲಿಲ್ಲ. ಹಣೆಯಲ್ಲಿ ಬೆವರು ಮೂಡಿತು. ಮುಷ್ಟಿ ಇನ್ನೂ ಬಿಗಿಯಿತು. ಆಗ ಅವರ ಎಡಗಾಲು ಕಣ್ಣಿಗೆ ಬಿತ್ತು. ನೆಲಕ್ಕೆ ಎಟುಕದೆ, ಗಾಳಿಯಲ್ಲೇ ಏನನ್ನೋ ತುಳಿಯುತ್ತಿತ್ತು.

ಅದು ಏನನ್ನು ಹುಡುಕುತ್ತಿದೆ ಎಂದು ನನಗೆ ಹೊಳೆಯಿತು. ಹೇಳಿದರೆ ಪೆಟ್ಟಿಗೆ ಹೋಗಬಹುದು. ಹೇಳದಿದ್ದರೆ ಹೋಗುವುದು ಖಂಡಿತ.

"ಮೇಡಂ, ತಪ್ಪು ನನ್ನದು. ನೀವು ಮೇಜು ಅಂದ್ರಿ. ನಾನು ಹೊಲಿಗೆ ಮೆಷಿನ್ ಮುಂದೆ ಕೂರಿಸ್ತಿದ್ದೆ."

"ಹೊಲಿಸಿದ್ರಾ?"

"ಇಲ್ಲ ಇಲ್ಲ, ಮೆಷಿನ್ ಬೆಲ್ಟ್ ಬಿಚ್ಚಿಟ್ಟಿದ್ದೆ. ಬೇರೆಲ್ಲಿ ಕೂರಿಸಿದ್ರೂ ಎದ್ದು ಹೋಗೋರು. ಆದ್ರೆ ಕಾಲು ಪೆಡಲ್ ಮೇಲಿರ್ತಿತ್ತು. ತುಳಿದಾಗಲೇ ಬೆರಳು ಬಿಡ್ತಿದ್ರು. ಈಗಷ್ಟೇ ಹೊಳೀತು."

"ನನ್ನ ಮಗಳು ಪೊಲೀಸರ ಮುಂದೆ ನಿಂತ ಹಾಗೆ ಒಪ್ಕೋತಾಳೆ," ಎಂದರು ಅಪ್ಪ. ಥೆರಪಿಸ್ಟ್ ನಗಲಿಲ್ಲ. ಅಪ್ಪನ ಕಾಲನ್ನೇ ನೋಡುತ್ತ ನಿಂತರು. ನಂತರ ಕುರ್ಚಿ ಇಳಿಸಿ, ಪಾದದ ಕೆಳಗೆ ಮಣೆಯೊಂದನ್ನು ತಳ್ಳಿದರು.

"ಒಂದೇ ಅವಕಾಶ. ಶುರು."

ಪಾದ ಒತ್ತಿತು, ಬೆರಳು ಬಿಟ್ಟಿತು. ಒಂದು. ಎರಡು. ಮೂರು. ನಾಲ್ಕು.

ಐದನೆಯ ತುಂಡು ಹಲಗೆ ದಾಟಿತು. ಪಾದ ತುಳಿಯಿತು. ಬೆರಳು ಕದಲಲಿಲ್ಲ. ಮತ್ತೆ ತುಳಿಯಿತು. "ಹತ್ತು ಸೆಕೆಂಡು," ಎಂದರು ಥೆರಪಿಸ್ಟ್. ಅಪ್ಪ ಪಟಪಟನೆ ತುಳಿಯತೊಡಗಿದರು. ತುಳಿದಷ್ಟೂ ಮುಷ್ಟಿ ಬಿಗಿಯಾಯಿತು.

"ಅಪ್ಪಾ, ಕಾಲು ಬಿಡಿ! ಕೈ ಮಾತ್ರ!" ನಾನು ಕೂಗಿಯೇ ಬಿಟ್ಟೆ.

ಪಾದ ನಿಂತಿತು. ಅಪ್ಪ ಕಣ್ಣು ಮುಚ್ಚಿದರು. ಮೊದಲು ಕಿರುಬೆರಳು ಸಡಿಲವಾಯಿತು, ಆಮೇಲೆ ಉಳಿದವು. ತುಂಡು ಹಲಗೆಯಾಚೆ ಟಕ್ಕೆಂದು ಬಿತ್ತು. ಅದರ ಹಿಂದೆಯೇ ನಿಮಿಷ ಮುಗಿದ ಗಂಟೆ ಹೊಡೆಯಿತು.

"ಐದು," ಎಂದು ಥೆರಪಿಸ್ಟ್ ಬರೆದುಕೊಂಡರು. "ನಾಳೆಯಿಂದ ಮೇಜು. ಎಲ್ಲಿ ಕೂರಿಸಿದ್ರಿ ಅಂತಾನೂ ಬರೀರಿ."

"ಆ ಕೋಟು ಮುಂದಿನ ಸಲ ಬಿಚ್ಚಿಕೊಡಿ," ಎಂದರು ಅಪ್ಪ. "ಜೇಬು ನೋಡಕ್ಕಾಗ್ತಿಲ್ಲ."

ನಾನು ಎದ್ದು ನಿಲ್ಲಲು ಹೋದೆ. ಹೆಬ್ಬೆರಳು ನೋಯುತ್ತಿತ್ತು. ಅಷ್ಟು ಹೊತ್ತೂ ಪೆಟ್ಟಿಗೆಯ ಗುಂಡಿಯನ್ನು ಒತ್ತಿ ಹಿಡಿದಿದ್ದೆ. ಅದರ ಪ್ಯಾಡಿನ ತಂತಿಗಳು ಮನೆಯಲ್ಲಿ ಸುತ್ತಿಟ್ಟ ಹಾಗೆಯೇ ಇದ್ದವು.