ಸೇತುವೆ ದಾಟಿಸಿದ ಗಡಿಯಾರದ ತಾತ

ಊರಿನ ಅರ್ಧ ಜನಕ್ಕೆ ಗಾಡಿ ಓಡಿಸುವುದನ್ನು ಕಲಿಸಿದವಳು ಅವಳೇ. ಪಕ್ಕದ ಸೀಟಿನಲ್ಲಿ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಿದ್ದುದರಿಂದ ಕಲಿಯುವವರು ಅವಳಿಗೆ ಬ್ರೇಕ್ ಮೇಡಂ ಎಂದು ಹೆಸರಿಟ್ಟಿದ್ದರು. ಇಂಥವಳ ತಾತ ಮಾತ್ರ ಜಪ್ಪಯ್ಯ ಎಂದರೂ ಸ್ಟಿಯರಿಂಗ್ ಮುಟ್ಟಿದವರಲ್ಲ. ಮಾರ್ಕೆಟ್ ರಸ್ತೆಯಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾ, ಅಂಗಡಿಗೂ ಮನೆಗೂ ನಡೆದೇ ಓಡಾಡುತ್ತಾ ಬದುಕು ಮುಗಿಸಿದರು.

"ಅಪ್ಪನಿಗೆ ಗಾಡಿ ಕಂಡ್ರೆ ಕೈಕಾಲು ನಡುಗುತ್ತೆ," ಎಂದು ದೊಡ್ಡಮ್ಮ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. "ಯುದ್ಧಕ್ಕೆ ಹೋಗಿದ್ರಂತೆ ಯುದ್ಧಕ್ಕೆ! ಅಡುಗೆಯವರ ಹಿಂದೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆದಿರ್ತಾರೆ."

ತಾತ ನಗುತ್ತಿದ್ದರು. "ಆಲೂಗಡ್ಡೆ ಚೆನ್ನಾಗಿತ್ತು ಕಣೇ," ಎಂದು ಇನ್ನಷ್ಟು ಉಪ್ಪುಕಾರ ಹಚ್ಚುತ್ತಿದ್ದರೇ ಹೊರತು ಯುದ್ಧದ ಬಗ್ಗೆ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ.

ಅವರು ತೀರಿಕೊಂಡು ಕೆಲವು ವರ್ಷಗಳ ಮೇಲೆ ಪುರಸಭೆಯವರು ಗ್ರಂಥಾಲಯದ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಲು ಹೊರಟರು. ಯುದ್ಧಕ್ಕೆ ಹೋದ ಊರವರ ಹೆಸರುಗಳನ್ನು ಅದರಲ್ಲಿ ಕೆತ್ತಿಸುತ್ತೇವೆ, ಯಾವ ದಳ, ಏನು ಕೆಲಸ ತಿಳಿಸಿ ಎಂದು ಮನೆಮನೆಗೆ ಕೇಳಿಬಂದರು. ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

"ಆಲೂಗಡ್ಡೆ ದಳ ಅಂತ ಬರೆಸಿಬಿಡು," ಎಂದಳು ದೊಡ್ಡಮ್ಮ.

ಎಲ್ಲರೂ ನಕ್ಕರು. ಮೊಮ್ಮಗಳಿಗೆ ಮಾತ್ರ ಯಾಕೋ ಆ ನಗು ಹಿಡಿಸಲಿಲ್ಲ. ಮರುದಿನವೇ ಸೈನ್ಯದ ದಾಖಲೆ ಕಚೇರಿಗೆ ಅರ್ಜಿ ಹಾಕಿದಳು. ತಿಂಗಳುಗಟ್ಟಲೆ ಕಾದ ಮೇಲೆ ಬಂದ ಉತ್ತರ ಒಂದೇ ಸಾಲಿನದು: ಈ ಹೆಸರಿನವರು ನಮ್ಮ ದಾಖಲೆಯಲ್ಲಿ ಇಲ್ಲ.

ಅಷ್ಟಕ್ಕೆ ಕೈಬಿಡುವವಳಲ್ಲ ಅವಳು. ರಜೆ ಹಾಕಿ, ರೈಲು ಹತ್ತಿ ಆ ಕಚೇರಿಗೇ ಹೋದಳು. ಹಳೆಯ ಸೈನಿಕರ ವಸತಿಯನ್ನೇ ಕಚೇರಿ ಮಾಡಿಕೊಂಡಿದ್ದರು; ಎತ್ತರದ ಕಿಟಕಿ, ಉದ್ದನೆಯ ಮೇಜು, ಹಳೇ ಕಾಗದದ ಮುಗ್ಗಲು ವಾಸನೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಅಲ್ಲಿನ ದಾಖಲೆ ಅಧಿಕಾರಿ ಸ್ವೆಟರಿನ ತೋಳು ಮೇಲಕ್ಕೆಳೆದುಕೊಂಡ ನಡುವಯಸ್ಸಿನ ಹೆಂಗಸು. ಅರ್ಜಿ ಓದಿ ನಕ್ಕರು.

"ಆಗ ಹೆಸರು ಬರೆಯೋದು ಬರೆಯೋನ ಕಿವಿಗೆ ಬಿಟ್ಟಿದ್ದಮ್ಮ. ನಿಮ್ಮ ತಾತನ ಹೆಸರನ್ನ ಎಷ್ಟು ಥರ ಕೆಡಿಸಬಹುದು ಹೇಳಿ, ಒಂದೊಂದಾಗಿ ನೋಡೋಣ."

ಇಬ್ಬರೂ ಕೂತು ಪಾಪದ ಆ ಹೆಸರಿನ ಕೈಕಾಲು ಮುರಿಯತೊಡಗಿದರು. ಒಂದು ಅಕ್ಷರ ನುಂಗಿ ನೋಡಿದರು, ಒಂದನ್ನು ಎಳೆದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಹಿಂದುಮುಂದಾದ ಎರಡು ಅಕ್ಷರಗಳ ಕೆಳಗೆ ತಾತ ಸಿಕ್ಕಿದರು. ಹುಟ್ಟಿದೂರು ಅದೇ, ತಂದೆಯ ಕಸುಬು ಅದೇ, ಗಲ್ಲದ ಮೇಲಿನ ಮಚ್ಚೆಯೂ ಅದೇ. ಅದರ ಮುಂದಿನ ಸಾಲು: "ಕೆಲಸ: ಚಾಲಕ. ಆಂಬುಲೆನ್ಸ್ ದಳ."

"ಚಾಲಕ?" ಅವಳು ಎಷ್ಟು ಜೋರಾಗಿ ಕೂಗಿದಳೆಂದರೆ ಆಚೆ ತುದಿಯಲ್ಲಿ ಓದುತ್ತಿದ್ದವರು ತಲೆಯೆತ್ತಿ ನೋಡಿದರು. "ನಮ್ಮ ತಾತನಾ? ಮುಂದಿನ ಸೀಟಲ್ಲಿ ಕೂರೋಕೂ ಒಪ್ಪದ ಮನುಷ್ಯ!"

ಅಧಿಕಾರಿ ಉತ್ತರ ಕೊಡದೆ ಅದರ ಹಿಂದಿದ್ದ ಹಾಳೆಯನ್ನು ಮುಂದಕ್ಕೆ ಸರಿಸಿದರು. ಬಿಡುಗಡೆಗೆ ಮೊದಲು ಸೈನ್ಯದ ವೈದ್ಯರು ಪರೀಕ್ಷೆ ಮಾಡಿ ಬರೆದದ್ದು. "ಎಡಗಣ್ಣು: ಸ್ಫೋಟದ ಪೆಟ್ಟು. ಹೊರಗೆ ಗಾಯವಿಲ್ಲ, ಒಳಪೊರೆ ಹರಿದಿದೆ. ಬೆಳಕು, ಕತ್ತಲೆ ಬಿಟ್ಟು ಬೇರೇನೂ ಕಾಣದು. ವಾಹನ ಚಾಲನೆಗೆ ಕಾಯಂ ಅನರ್ಹ."

ಅವಳು ಪೆನ್ಸಿಲ್ ಕೆಳಗಿಟ್ಟಳು. ಒಂದು ಕಣ್ಣು! ಮನೆ ತುಂಬ ಜನ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೊಮ್ಮಗಳು, ಇಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲವಲ್ಲ! ಗೊತ್ತಾಗುವುದಾದರೂ ಹೇಗೆ? ಗಡಿಯಾರ ರಿಪೇರಿಯವರೆಲ್ಲ ಭೂತಗನ್ನಡಿಯನ್ನು ಒಂದೇ ಕಣ್ಣಿಗೆ ಸಿಕ್ಕಿಸಿಕೊಳ್ಳುವವರು. ಒಂದೇ ಕಣ್ಣಿನವನಿಗೆ ಇದಕ್ಕಿಂತ ಒಳ್ಳೆಯ ಕಸುಬು ಬೇಕೆ? ದಾರಿಯಲ್ಲಿ ತಾತ ಯಾವಾಗಲೂ ಎಡತುದಿ ಹಿಡಿದು ನಡೆಯುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಬಲಗೈ ಹಿಡಿದದ್ದು ಅವಳಿಗೆ ನೆನಪಿದೆ. ಎಡಗೈ ಹಿಡಿದ ನೆನಪೇ ಇಲ್ಲ.

"ಇನ್ನೂ ಮುಗಿದಿಲ್ಲ, ಇರಿ," ಎಂದು ಅಧಿಕಾರಿ ಒಳಗೆ ಹೋಗಿ ದಪ್ಪ ರಟ್ಟಿನ ದಿನಚರಿಯೊಂದನ್ನು ತಂದರು. ದಳದ ವೈದ್ಯರು ಅಂದಂದಿನ ಸುದ್ದಿಯನ್ನು ಅಂದಂದೇ ಬರೆದಿಟ್ಟದ್ದು. ಸೈನ್ಯ ಹಿಂದೆ ಸರಿಯುತ್ತಿದ್ದ ದಿನಗಳವು. ಹೊಳೆಯ ಆಚೆ ದಡದ ಆಸ್ಪತ್ರೆಯಲ್ಲಿ ಗಾಯಾಳುಗಳು ತುಂಬಿದ್ದರು. ನಡುವೆ ದೋಣಿಗಳ ಮೇಲೆ ಹಲಗೆ ಹಾಸಿದ ತಾತ್ಕಾಲಿಕ ಸೇತುವೆ. ಬೆಳಿಗ್ಗೆಯೇ ಆಂಬುಲೆನ್ಸಿನ ಪಕ್ಕದಲ್ಲಿ ಶೆಲ್ ಬಿದ್ದು ಮುಂದಿನ ಗಾಜು ಪುಡಿಯಾಯಿತು. ಚಾಲಕನೂ ಸಹಾಯಕನೂ ಗಾಡಿ ನಿಲ್ಲಿಸಲಿಲ್ಲ. ಆಸ್ಪತ್ರೆ ಖಾಲಿಯಾಗುವವರೆಗೂ ಹೋಗಿ ಬಂದು ಮಾಡಿದರು. ಕೊನೆಯ ರೋಗಿ ಈಚೆ ದಡ ಸೇರಿದ ಮೇಲೆ ಚಾಲಕ ತಮ್ಮ ಬಳಿ ಬಂದು, "ಎಡಗಣ್ಣಿಗೆ ಬೆಳಿಗ್ಗೆಯಿಂದ ಏನೂ ಕಾಣ್ತಿಲ್ಲ ಸಾರ್," ಎಂದನೆಂದು ವೈದ್ಯರು ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: "ನನಗೆ ಬೈಯಲೂ ಬಾಯಿ ಬರಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಓದಿ ಹೆಮ್ಮೆಪಟ್ಟು ಸುಮ್ಮನಾಗುತ್ತಿದ್ದರು. ಅವಳು ಬ್ರೇಕ್ ಮೇಡಂ. ಬಲಗಡೆ ಕೂತು ಓಡಿಸುವವನಿಗೆ ಗಾಡಿಯ ಎಡಚಕ್ರ ಎಲ್ಲಿದೆ ಅನ್ನುವ ಅಂದಾಜು ಬರುವುದು ಎಷ್ಟು ಕಷ್ಟ ಎಂದು ದಿನವೂ ನೋಡುವವಳು. ಎರಡೂ ಕಣ್ಣು ನೆಟ್ಟಗಿದ್ದು, ಖಾಲಿ ಮೈದಾನದಲ್ಲಿ, ಪ್ಲಾಸ್ಟಿಕ್ ಡಬ್ಬಗಳ ನಡುವೆ ಹೋಗಲಾರದೆ ಬೆವರುವ ಗಂಡಸರು ಕಣ್ಣಮುಂದೆ ಬಂದರು. ಓಲಾಡುವ ಹಲಗೆ, ಕೆಳಗೆ ಹೊಳೆ, ಹಿಂದೆ ನರಳುವ ಜನ, ಎಡಗಡೆ ಬರೀ ಕತ್ತಲು. ಮೇಜಿನ ಕೆಳಗೆ ಅವಳ ಕಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತಿತು.

ಪುರಸಭೆಗೆ ಹೆಸರೇನೋ ಹೋಯಿತು, ಕಲ್ಲಿನಲ್ಲೂ ಬಂತು. ಆದರೆ ದಿನಚರಿಯಲ್ಲಿದ್ದ ಸಹಾಯಕನ ಹೆಸರು ಅವಳ ತಲೆಯಿಂದ ಹೋಗಲಿಲ್ಲ. ಅವರಿಗೆ ಈಗಲೂ ಪಿಂಚಣಿ ಹೋಗುತ್ತಿದೆ, ವಿಳಾಸ ಕೊಡುವ ಹಾಗಿಲ್ಲ, ನೀವು ಬರೆದದ್ದನ್ನು ಬೇಕಾದರೆ ತಲುಪಿಸುತ್ತೇನೆ ಎಂದರು ಅಧಿಕಾರಿ. ಬರೆದು ಕೊಟ್ಟಳು. ಒಂದು ಬೆಳಿಗ್ಗೆ ಪಾಠದ ಮಧ್ಯೆ ಫೋನ್ ಬಂತು. ಆ ಕಡೆ ಗಡಸು ಮುದಿ ದನಿ.

"ಆ ಹಠಮಾರಿಯ ಮೊಮ್ಮಗಳಾ ನೀನು?"

ಗಾಡಿ ಪಕ್ಕಕ್ಕೆ ಹಾಕಿಸಿ, ಇಳಿದು ಫುಟ್‌ಪಾತಿನ ಮೇಲೆ ನಿಂತಳು. "ಹೌದು ತಾತ."

"ಇದ್ದಾನಾ?"

"ಇಲ್ಲ."

ಆ ಹಿರಿಯರು ಕೇಳಿದರು, "ಎಲ್ಲಿ ಮಣ್ಣು ಮಾಡಿದ್ರಿ? ಒಂದ್ಸಲ ಕರ್ಕೊಂಡು ಹೋಗ್ತೀಯಾ ತಾಯಿ?"

ಭಾನುವಾರ ಅವರ ಮನೆಗೇ ಹೋಗಿ ಕರೆತಂದಳು. ಮನೆಯಲ್ಲಿ ಅಮ್ಮ, ದೊಡ್ಡಮ್ಮ ಕಾಯುತ್ತಿದ್ದರು. ದಾಖಲೆಯ ಪ್ರತಿಗಳನ್ನು ಓದಿದಂದಿನಿಂದ ಅಮ್ಮ ಕಂಡವರಿಗೆಲ್ಲ ತೋರಿಸುತ್ತಿದ್ದಳು, ದೊಡ್ಡಮ್ಮ ಮಾತ್ರ, "ಎಂಥಾ ಕಳ್ಳ ನೋಡು ನಮ್ಮಪ್ಪ!" ಅಂದವಳು ಮತ್ತೆ ಹೆಚ್ಚು ಮಾತಾಡಿರಲಿಲ್ಲ. ಹಿರಿಯರು ಕೂತು ಚಹಾ ಕುಡಿಯುತ್ತಿದ್ದಂತೆ ದೊಡ್ಡಮ್ಮನೇ ಕೇಳಿದಳು.

"ಕಣ್ಣು ಕಾಣದೆ ಅಷ್ಟು ಸಲ ಹೇಗೆ ದಾಟಿದ್ರು?"

"ನಾನಿದ್ನಲ್ಲಮ್ಮ. ಎಡಗಡೆ ಬಾಗಿಲು ತೆಗೆದು ಹೊರಗೆ ಜೋತುಬಿದ್ದಿದ್ದೆ. 'ಎಡಕ್ಕೆ ಬಂತು, ಬಲಕ್ಕೆ ತಗೋ, ಸಾಕು ಸಾಕು' ಅಂತ ಕೂಗ್ತಾ ಇದ್ದೆ. ಸಂಜೆ ಹೊತ್ತಿಗೆ ನನ್ನ ಗಂಟಲೇ ಹೋಯ್ತು. ಆಮೇಲೆ ಬಾಗಿಲಿಗೆ ತಟ್ಟೋದು: ಒಂದು ತಟ್ಟಿದ್ರೆ ಬಲಕ್ಕೆ, ಎರಡಕ್ಕೆ ನೇರ. ಬೇರೆಯವರಿಗೆ ಗಾಡಿ ಕೊಡು ಅಂದೆ. 'ಅವರಿಗೆ ಈ ಹಲಗೆ ಎಲ್ಲೆಲ್ಲಿ ಬಗ್ಗುತ್ತೆ ಗೊತ್ತಿಲ್ಲ, ನನಗೆ ಗೊತ್ತು' ಅಂದ. ನಿಜಾನೇ. ಒಳಗಿದ್ದವರಲ್ಲಿ ಒಬ್ಬನಿಗೂ ಪೆಟ್ಟಿನ ಮೇಲೆ ಪೆಟ್ಟು ಬೀಳಲಿಲ್ಲ."

"ಮನೇಲಿ ಯಾಕೆ ಹೇಳಲಿಲ್ಲ?" ಎಂದಳು ಅಮ್ಮ.

"ನಾನೂ ಕೇಳಿದ್ದೆ. 'ಹೇಳಿದ್ರೆ ನನ್ನ ಹೆಂಡತಿ ಜೀವನವಿಡೀ ನಾನು ಎಲ್ಲಿ ಕಾಲಿಡ್ತೀನಿ ಅಂತ ನೋಡ್ತಾ ಇರ್ತಾಳೆ. ಅವಳು ಬೇರೆ ಏನಾದ್ರೂ ನೋಡ್ಲಿ' ಅಂದ."

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಮಾಧಿಯ ಹತ್ತಿರ ಹಿರಿಯರು ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ನಿಂತರು. ಅಳುತ್ತಾರೇನೋ ಎಂದುಕೊಂಡರೆ ಬೈಯತೊಡಗಿದರು. "ಏನೋ, ಬರೀತೀನಿ ಅಂದೋನು ಬರೆದ್ಯೇನೋ? ನಾನು ಮೂರು ಸಲ ಮನೆ ಬದಲಾಯಿಸಿದೆ, ನಿನಗೆ ಹುಡುಕೋಕಾಗ್ಲಿಲ್ವಾ? ನಿನ್ನ ಮೊಮ್ಮಗಳು ಹುಡುಕಿದ್ಲು ನೋಡು!" ಬೈದು ಸುಸ್ತಾದ ಮೇಲೆ ಕಲ್ಲಿನ ಮೇಲೆ ಬಿದ್ದಿದ್ದ ಒಣ ಎಲೆಗಳನ್ನು ಕೈಯಿಂದಲೇ ಸವರಿ ತೆಗೆದರು.

ದೊಡ್ಡಮ್ಮ ಅವರನ್ನು ಮೆಲ್ಲಗೆ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು.

"ನನಗೆ ಗೊತ್ತಿರೋದು ಅವನ ಒಂದೂವರೆ ವರ್ಷ ಅಷ್ಟೇ," ಎಂದರು ಹಿರಿಯರು. "ಉಳಿದದ್ದೆಲ್ಲ ನಿಮ್ಮ ಹತ್ರ ಇದೆ. ಮನೇಲಿ ಹೇಗಿದ್ದ? ಹೇಳಮ್ಮ."

ದೊಡ್ಡಮ್ಮ ತನ್ನ ಮದುವೆಯ ಬೆಳಿಗ್ಗೆ ಅಪ್ಪ ಮನೆಯ ಗಡಿಯಾರಗಳನ್ನೆಲ್ಲ ಸದ್ದಿಲ್ಲದೆ ಹಿಂದಕ್ಕೆ ತಿರುಗಿಸಿಟ್ಟು, ಮಗಳು ಇನ್ನೊಂದು ಗಂಟೆ ಮನೆಯಲ್ಲಿರಲಿ ಎಂದು ನೋಡಿದ್ದನ್ನು ಹೇಳತೊಡಗಿದಳು. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ನಡುವೆ ಬಾಯಿ ಹಾಕಿ ಇನ್ನೊಂದು ಸೇರಿಸಿದಳು. ಊಟದ ಹೊತ್ತು ಮೀರಿದ್ದು ಯಾರಿಗೂ ತಿಳಿಯಲಿಲ್ಲ.

"ಮತ್ತೆ?" ಎನ್ನುತ್ತಿದ್ದರು ಹಿರಿಯರು, ಮುಂದಕ್ಕೆ ಬಾಗಿ. "ಮತ್ತೆ ಏನು ಮಾಡ್ದ?"