ಮನೆಯವರು

ಕಾಲಿನ ವಾಸನೆಗೆ ಬೀದಿನಾಯಿಗಳು ಹತ್ತಿರ ಬರತೊಡಗಿದ್ದವು. ಗುಜರಿ ಆಯುವ ಹೆಂಗಸು ಕೈಯಲ್ಲಿ ಕಲ್ಲು ಹಿಡಿದೇ ಗಂಡನ ಪಕ್ಕ ಕೂತಿದ್ದಳು. ಮೂಟೆ ಹೊರುವಾಗ ಮೊಳೆ ತುಳಿದಿದ್ದ. ಚಿಂದಿ ಸುತ್ತಿಕೊಂಡು ಮತ್ತೆ ಮೂಟೆ ಹೊತ್ತಿದ್ದ. ಈಗ ಪಾದ ಕಪ್ಪಾಗಿ ಊದಿಕೊಂಡಿತ್ತು. ಮೈ ಕೆಂಡದಂತೆ ಸುಡುತ್ತಿತ್ತು.

"ನನಗಿಂತ ಮುಂಚೆ ನನ್ನ ಕಾಲೇ ಹೊರಟಿದೆ ಕಣೇ" ಎಂದು ನಕ್ಕ.

"ಬಿಡ್ತು ಅನ್ರಿ!"

ಸೇತುವೆ ಕೆಳಗಿನ ಚಪ್ಪಲಿ ಹೊಲಿಯುವ ತಾತ ತಳ್ಳುಗಾಡಿ ತಂದ. "ಒಂಟಿಕಾಲಾದ್ರೆ ಹೊಲಿಗೆ ಅರ್ಧ ರೇಟು ಕಣಪ್ಪಾ. ಏಳು."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲು ನೋಡಿದವಳೇ ಮುಖ ಸಣ್ಣ ಮಾಡಿದಳು. "ಇವತ್ತೇ ಸೇರಿಸ್ಬೇಕು. ವಿಷ ಮೇಲಕ್ಕೇರಿದ್ರೆ ಜೀವ ಉಳಿಯಲ್ಲ. ಹೊರಗೆ ಚೀಟಿ ಮಾಡಿಸ್ಕೊಂಡು ಬನ್ನಿ, ಹಾಸಿಗೆ ಖಾಲಿ ಇದೆ."

ಚೀಟಿ ಬರೆಯುವವನು ಕಿಟಕಿಯೊಳಗಿನಿಂದ ಕೇಳಿದ. "ಇವನು ಯಾರು?"

"ನಮ್ಮನೆಯವರು."

"ಮನೆ ಎಲ್ಲಿ?"

"ಸೇತುವೆ ಕೆಳಗೆ, ಸಾರ್."

ಅವನು ಪಕ್ಕದವನ ಕಡೆ ತಿರುಗಿ ನಕ್ಕ. "ಕೇಳಿದ್ಯೇನಯ್ಯಾ? ಮನೆನೇ ಇಲ್ಲ, ಮನೆಯವರಂತೆ!"

ಮದುವೆಯಾದಾಗಿನಿಂದ ಅವಳು ಗಂಡನನ್ನು ಕರೆದದ್ದು ಅದೊಂದೇ ಮಾತಿನಿಂದ. ಅದನ್ನು ಮೊದಲ ಸಲ ಯಾರೋ ಕಿತ್ತುಕೊಂಡಂತಾಯಿತು.

"ವಿಳಾಸ ಇಲ್ದೆ ಸೇರಿಸ್ಕೊಳ್ಳಲ್ಲಮ್ಮ. ನಾಳೆ ಇವನು ಸತ್ರೆ ಹೆಣ ಎಲ್ಲಿಗೆ ಕಳಿಸ್ಲಿ?"

"ಹೆಣದ ಚಿಂತೆ ನಿಮಗ್ಯಾಕೆ ಸಾರ್? ಜೀವ ಇದ್ದಾಗ ಸೇರಿಸ್ಕೊಳ್ಳಿ."

"ಬಾಯಿ ಜೋರು. ವಿಳಾಸ ತಗೊಂಡು ಬಾ, ಹೋಗು."

ವಿಳಾಸವನ್ನು ಯಾವ ಕಸದ ತೊಟ್ಟಿಯಲ್ಲಿ ಆಯುವುದು? ಗಾಡಿಯ ಮೇಲೆ ಗಂಡ ಹಲ್ಲು ಕಟಕಟಿಸುತ್ತಿದ್ದ. "ಮನೆಗೆ ಹೋಗೋಣ ಕಣೇ..." ಎಂದ. ಜ್ವರದಲ್ಲಿ ಅವನಿಗೂ ಮನೆಯೊಂದು ಕಾಣಿಸಿರಬೇಕು.

ಅವಳು ಹೆಗಲ ಮೇಲಿನ ಗೋಣಿಚೀಲ ಕೊಡವಿ ಕಿಟಕಿಯ ಮುಂದೆಯೇ ಹಾಸಿದಳು. ತಾತನ ಕೈಲೂ ಹಿಡಿಸಿ ಗಂಡನನ್ನು ಅದರ ಮೇಲೆ ಮಲಗಿಸಿದಳು. ತಲೆಯ ಕಡೆ ನೀರಿನ ಬಾಟಲಿ ಇಟ್ಟಳು, ಕಾಲ ಕಡೆ ತಟ್ಟೆ. ಸಾಲಿನಲ್ಲಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಏಯ್, ಏನಿದು? ಕಾವಲಿನವನನ್ನ ಕರೀಲಾ?" ಎಂದು ಚೀಟಿಯವನು ಕಿಟಕಿಯೊಳಗಿನಿಂದ ಕೂಗಿದ.

"ಕರೀರಿ. ಬಂದವರು ಚಪ್ಪಲಿ ಹೊರಗೆ ಬಿಟ್ಟು ಬರ್ಲಿ" ಎಂದು ತಾತನೂ ಗೋಣಿಯ ಅಂಚಿಗೆ ಕುಕ್ಕರಿಸಿದ.

ಸಾಲಿನಲ್ಲಿದ್ದ ಕಸ ಗುಡಿಸುವವಳೊಬ್ಬಳು ಮೂಗಿನಿಂದ ಸೆರಗು ತೆಗೆದಳು. ಮುಂದೆ ಬಂದು ತಾತನ ಪಕ್ಕ ಕೂತಳು. ಸಾಲು ನಿಂತಲ್ಲೇ ನಿಂತಿತು.

ಗುಜರಿಯವಳು ಕಿಟಕಿಯ ಸರಳು ಹಿಡಿದಳು. "ಈಗ ಬರ್ಕೊಳ್ಳಿ ಸಾರ್, ವಿಳಾಸ. ಸರ್ಕಾರಿ ಆಸ್ಪತ್ರೆ, ನಿಮ್ಮ ಕಿಟಕಿ ಮುಂದೆ. ಮಲಗಿರೋರು ನಮ್ಮನೆಯವರು."