ಜ್ವರದ ಕೋಣೆಯ ಮುದ್ರೆ

“ಯಾರುಪಾ ಒಳಗೆ? ಒಂದು ಗಂಟೆ ಆತು. ಟೀವಿ ಆಫ್ ಮಾಡು. ಕಣ್ಣಿಗೂ ಒಳ್ಳೇದು, ಕರೆಂಟಿಗೂ ಒಳ್ಳೇದು!”

ಹೆಣದ ಕಾಲ್ಬೆರಳುಗಳಿಗೆ ದಾರ ಕಟ್ಟುತ್ತ ಜಯರಾಮನ್ ಹೆಣದ ಧ್ವನಿಯಲ್ಲೇ ಮಾತಾಡಿದ. ಮೂಗಿನಲ್ಲಿ ಹೊರಟು ಕೆಮ್ಮಿನಲ್ಲಿ ಮುಗಿಯುವ ಅದೇ ಧ್ವನಿ. ಅಳುತ್ತಿದ್ದ ಹೆಂಗಸರೂ ಸೆರಗಿನೊಳಗೆ ನಕ್ಕರು. ಸೋಮನೂರಿನ ಆ ಬೀದಿಯಲ್ಲಿ ಗುರುಸಾಮಿಗೆ ನಾಲ್ಕು ತಿಂಗಳಿಂದ ಇದ್ದ ಕೆಲಸ ಅದೊಂದೇ: ಮನೆಮನೆಗೆ ಹೋಗಿ ಟೀವಿ ಆರಿಸುವುದು. ನಿನ್ನೆ ಸಂಜೆ ಮೂರನೇ ಮನೆಯ ಬಾಗಿಲು ತಟ್ಟುತ್ತಲೇ ಎದೆ ಹಿಡಿದುಕೊಂಡು ಕುಸಿದಿದ್ದ.

ಅವನ ಹೆಂಡತಿ ರುಕ್ಮಣಿ ಮಾತ್ರ ನಗಲಿಲ್ಲ.

“ಸೀಕ್ರಂ ಆಗಲಿ,” ಎಂದ ಬಿದಿರು ಬಿಗಿಯುತ್ತಿದ್ದ ಶಣ್ಮುಗಂ. “ಇವತ್ತು ಭಾನುವಾರ. ಒಂಬತ್ತೂವರೆಗೆ ಟೀವೀಲಿ ಪುರಾಣ. ಅಷ್ಟರೊಳಗೆ ಎತ್ತದಿದ್ರೆ ಹೊರೋಕೆ ನಾಲ್ಕು ಜನ ಸಿಕ್ಕಲ್ಲ.”

“ನಮಗೆ ದೇವರು ಟೀವೀಲಿ ಕಾಣ್ತಾರೆ, ಅಣ್ಣನಿಗೆ ನೇರ ಪ್ರಸಾರ,” ಎಂದ ಜಯರಾಮನ್.

ರುಕ್ಮಣಿ ಪಕ್ಕದ ಮನೆಯ ಸೆಲ್ಲಮ್ಮನ ಕೈ ಹಿಡಿದಳು. “ಸೆಲ್ಲಾ, ಇವತ್ತೊಂದು ದಿನ ಯಾರೂ ಟೀವಿ ಹಾಕಬೇಡಿ ಅಂತ ಹೇಳು.”

“ನಾವೇನು ಹಾಕ್ತೀವಾ ಅಕ್ಕಾ? ಮಕ್ಕಳು ಕೇಳಲ್ಲ. ಸೌಂಡ್ ಕಮ್ಮಿ ಇಡ್ತೀನಿ.”

*

ಎಂಬತ್ತೆರಡರಲ್ಲಿ ಕೊಯಮತ್ತೂರಿನ ಅಂಚಿನಲ್ಲಿ ಸರ್ಕಾರಿ ಟೀವಿ ಕಂಪನಿ ಶುರುವಾದಾಗ ಗುರುಸಾಮಿ ಮಗ್ಗ ಬಿಟ್ಟು ಸೇರಿದ್ದ. ನೂಲಿನ ಗಂಟು ಬೆರಳಿಗೇ ತಿಳಿಯುತ್ತಿದ್ದವನಿಗೆ ಬೆಸುಗೆಯ ಬಿರುಕು ಕಾಣದೆ ಹೋಗಲಿಲ್ಲ. ಎರಡೇ ವರ್ಷದಲ್ಲಿ ಕೊನೆಯ ತಪಾಸಣೆ ಅವನ ಪಾಲಿಗೆ ಬಂತು.

ತಪಾಸಣೆಯ ಜಾಗಕ್ಕೆ ಕೆಲಸಗಾರರು ಇಟ್ಟ ಹೆಸರು ಜ್ವರದ ಕೋಣೆ. ಹೊಸ ಟೀವಿಗಳನ್ನು ಎರಡು ದಿನ ಬಿಡದೆ ಓಡಿಸಿ ಜ್ವರ ಬರಿಸುವುದು. ಬದುಕಿ ಉಳಿದದ್ದಕ್ಕೆ ಗುರುಸಾಮಿಯ ಮುದ್ರೆ. ಪಂಚಾಯಿತಿಗಳಿಗೆ, ಶಾಲೆಗಳಿಗೆ ಲಾರಿಗಟ್ಟಲೆ ಮಾಲು ಹೋಯಿತು. ಆರ್.ಎಸ್. ಪುರಂನ ಅಂಗಡಿಯವರು ಗಿರಾಕಿಗೆ ಮೊದಲು ತೋರಿಸುತ್ತಿದ್ದದ್ದು ಚಿತ್ರವನ್ನಲ್ಲ, ಟೀವಿಯ ಬೆನ್ನ ಮೇಲಿನ ಆ ಮುದ್ರೆಯನ್ನು.

ಎಂಬತ್ತಾರರಲ್ಲಿ ಬಣ್ಣದ ಟೀವಿ ಜೋಡಿಸುವ ಖಾಸಗಿಯವರು ಬಂದರು. ಕಂಪನಿಗೆ ಕಂಪನ ಹತ್ತಿತು. ಎರಡು ದಿನದ ಜ್ವರ ಒಂದು ದಿನಕ್ಕಿಳಿಯಿತು, ಆಮೇಲೆ ಎರಡು ಗಂಟೆಗೆ. ಕೊನೆಗೆ ಬಿಲ್ ಕಟ್ಟದೆ ಕರೆಂಟೇ ಹೋಯಿತು. ನಾಲ್ಕು ತಿಂಗಳ ಹಿಂದೆ ಬಾಗಿಲು ಹಾಕುವ ದಿನ ಉಳಿದಿದ್ದವರು ಹದಿನೆಂಟು ಜನ, ಎಲ್ಲರೂ ಇದೇ ಬೀದಿಯವರು. ಸಂಬಳದ ಬದಲು ಆಳಿಗೊಂದು ಟೀವಿ ಎಂದರು. ಒಂದನ್ನೂ ಓಡಿಸಿ ನೋಡಿರಲಿಲ್ಲ.

“ನೋಡದೆ ಹೆಂಗೆ ಹಾಕಲಿ?” ಎಂದಿದ್ದ ಗುರುಸಾಮಿ.

“ಮುದ್ರೆ ಇಲ್ದಿದ್ರೆ ಯಾರೂ ಮುಟ್ಟಲ್ಲ ಅಣ್ಣಾ, ಹಾಕು,” ಎಂದು ಬಾಗಿಲಲ್ಲಿ ಗೋಗರೆದವರಲ್ಲಿ ಜಯರಾಮನ್ ಮುಂದಿದ್ದ.

ಹದಿನೆಂಟಕ್ಕೂ ಒತ್ತಿದ. ಮರುದಿನ ಮಧ್ಯಾಹ್ನ ತನ್ನದನ್ನು ಮನೆಯಲ್ಲಿ ಓಡಿಸಿ ಎದುರಿಗೆ ಕೂತ. ಒಂದೂವರೆ ಗಂಟೆಗೆ ಒಳಗಿನ ಕಾಯಿಲ್ ಕರಗಿ, ಹಿಂಬದಿಯ ರಟ್ಟಿಗೆ ಬೆಂಕಿ ಹತ್ತಿತು. ಒದ್ದೆ ಗೋಣಿ ಎಸೆದು ನಂದಿಸಿದ್ದು ರುಕ್ಮಣಿ.

“ಎಲ್ಲಾರಿಗೂ ಹೇಳ್ಬಿಡಿಂಗ.”

“ಹೇಳಿದ್ರೆ? ಇಷ್ಟು ವರ್ಷ ಹಾಕಿದ್ದೆಲ್ಲ ಸುಳ್ಳು ಅಂತಾರೆ. ನಾನೇ ಹೋಗಿ ಹೋಗಿ ಆರಿಸ್ತೀನಿ. ನೀನು ಬಾಯಿ ಬಿಡಬೇಡ.”

*

ಗಂಡಸರು ಹೆಣ ಹೊತ್ತು ಹೋದರು. ಅವರು ತಿರುಗಿ ಬರುವವರೆಗೆ ರುಕ್ಮಣಿ ಕೂತ ಜಾಗದಿಂದ ಏಳುವಂತಿರಲಿಲ್ಲ. ಇನ್ನೊಬ್ಬರ ಹೊಸ್ತಿಲು ತುಳಿಯುವುದಂತೂ ಕೇಡು.

ಒಂಬತ್ತೂವರೆಗೆ ಸೆಲ್ಲಮ್ಮನ ಮನೆಯಲ್ಲಿ ಶಂಖ ಊದಿತು. ಆಚೆ ಮನೆಯಲ್ಲೂ ಅದೇ ಶಂಖ, ಅದರಾಚೆಯೂ. ಪುರಾಣ ಮುಗಿಯಿತು, ಟೀವಿಗಳು ನಿಲ್ಲಲಿಲ್ಲ. ಯಾವುದೋ ಹಾಡು, ಯಾವುದೋ ಭಾಷಣ. ಹತ್ತೂವರೆ ದಾಟಿತು. ಬೀದಿಯಲ್ಲಿ ಯಾರೂ ಯಾವ ಬಾಗಿಲನ್ನೂ ತಟ್ಟಲಿಲ್ಲ.

ರುಕ್ಮಣಿ ಎದ್ದಳು.

ಸೆಲ್ಲಮ್ಮನ ನಡುಮನೆಯ ತುಂಬ ಮಕ್ಕಳು. “ಅಯ್ಯೋ ಅಕ್ಕಾ, ಈಗ ಒಳಗೆ ಬರಬಾರದು!” ಹೆಂಗಸರು ಗೋಡೆಗೆ ಸರಿದರು. ರುಕ್ಮಣಿ ಅವರ ನಡುವೆಯೇ ನಡೆದು ವೈರು ಕಿತ್ತಳು.

“ನಮ್ಮವರು ನೋಡದೆ ಮುದ್ರೆ ಹಾಕಿದ್ರು. ಇದಕ್ಕೂ, ಎಲ್ಲಾರದಕ್ಕೂ. ನಮ್ಮನೇದು ಹತ್ತಿ ಉರೀತು. ಹಿಂದೆ ಕೈ ಇಟ್ಟು ನೋಡು.”

ಸೆಲ್ಲಮ್ಮ ಕೈ ಇಟ್ಟು ಥಟ್ಟನೆ ಎಳೆದುಕೊಂಡಳು. ಬೆರಳು ನೋಡಿಕೊಂಡಳು. ಆಮೇಲೆ ಹತ್ತಿರದ ಮಗುವಿನ ರಟ್ಟೆ ಹಿಡಿದು ಹೊರಗೆ ನಡೆದಳು.

*

ಗಂಡಸರು ಮಿಂದು ಒದ್ದೆ ವೇಷ್ಟಿಯಲ್ಲಿ ಬೀದಿಗೆ ತಿರುಗಿದಾಗ ಸಾಲುಮನೆಗಳ ಮುಂದೆ, ಬಿಸಿಲಿನಲ್ಲಿ, ಟೀವಿಗಳು ಕೂತಿದ್ದವು.

“ಏನತ್ತಿಗೆ, ಟೀವಿಗೂ ಸೂತಕವಾ?” ಎಂದ ಜಯರಾಮನ್.

ರುಕ್ಮಣಿ ಅವನಿಗೂ ಹೇಳಿದಳು, ಧ್ವನಿ ತಗ್ಗಿಸದೆ.

ಅವನ ಬಾಯಿ ನಗುವಿನ ಆಕಾರದಲ್ಲೇ ನಿಂತಿತು. “ನಮ್ಮದು ಇಲ್ಲಿಲ್ಲ,” ಎಂದ. ಇದು ಯಾರ ಧ್ವನಿಯೂ ಅಲ್ಲ, ಅವನದೇ. “ಉಡುಮಲೈಪೇಟೇಲಿ ಮಗಳು ವಿಜಯಕುಮಾರಿ ಮೊನ್ನೆ ಶುಕ್ರವಾರ ಹೊಸ ಮನೇಲಿ ಹಾಲುಕ್ಕಿಸಿದಳು, ಅವಳಿಗೆ ಕೊಟ್ಟೆ. ಬೈತಾನೆ ಅಂತ ಅಣ್ಣನಿಗೆ ಹೇಳ್ಲಿಲ್ಲ. ಪುರಾಣಕ್ಕೆ ಅಂತ ಇವತ್ತೇ ಆಂಟೆನಾ ಕಟ್ಟಿಸ್ತೀನಿ ಅಂದಿದ್ಲು. ಅವಳು ಬೆಳಗ್ಗೆ ಹಾಕಿದ್ರೆ... ಮಲಗೋವರೆಗೂ ಆರಿಸಲ್ಲ ಅತ್ತಿಗೆ.”

ಉಡುಮಲೈಪೇಟೆಗೆ ಬಸ್ಸಿನಲ್ಲಿ ಮೂರು ಗಂಟೆ.

“ದೀಪ ನೋಡ್ಬಿಟ್ಟು ಹೋಗುಪಾ,” ಎಂದ ಶಣ್ಮುಗಂ. ಸುಡುಗಾಡಿನಿಂದ ಬಂದವರು ಸಾವಿನ ಮನೆಯ ದೀಪ ನೋಡದೆ ಎಲ್ಲಿಗೂ ಹೋಗಬಾರದು.

ಜಯರಾಮನ್ ಆಗಲೇ ಓಡುತ್ತಿದ್ದ. ಡಾಂಬರಿನ ಮೇಲೆ ಅವನ ಒದ್ದೆ ಹೆಜ್ಜೆಗಳು ಬಸ್ ಸ್ಟ್ಯಾಂಡಿನ ಕಡೆಗೆ ಸಾಲಾಗಿ ಮೂಡಿದವು. ಅವನು ತಿರುವು ಮುಟ್ಟುವ ಮೊದಲೇ, ಬಾಗಿಲ ಹತ್ತಿರದ ಹೆಜ್ಜೆಗಳು ಬಿಸಿಲಿಗೆ ಒಂದೊಂದಾಗಿ ಆರಿಹೋದವು.